ಇಳಿವಯಸ್ಸಿನ ರೊಕ್ಕಕ್ಕೆ ದಲಾಲರ ಗಾಳ

ಗಿರಣಿಯಲ್ಲಿ ಮೂವತ್ತು ವರ್ಷ ಪಾಳಿ ಮಾಡಿದ ಕಾರ್ಮಿಕನು ಕೊನೆಯ ದಿನ ಕೊರಳಲ್ಲಿ ಹೂಮಾಲೆ ಹಾಕಿಸಿಕೊಂಡು, ಕಂಕುಳಲ್ಲಿ ಒಂದು ಗೋಡೆ ಗಡಿಯಾರ ಇಟ್ಟುಕೊಂಡು ಗೇಟಿನ ಹೊರಗೆ ಬರುತ್ತಾನೆ. ಅವನ ಗ್ರ್ಯಾಚುಟಿಯ ರೊಕ್ಕ, ಪ್ರಾವಿಡೆಂಟ್ ಫಂಡಿನ ರೊಕ್ಕ ಬ್ಯಾಂಕಿಗೆ ಬಂದ ಸುದ್ದಿ ಅವನ ಹೆಂಡತಿಗೆ ತಿಳಿಯುವ ಮೊದಲೇ ಪ್ಲಾಟಿನ ದಲಾಲನಿಗೆ ತಿಳಿದಿರುತ್ತದೆ. ಎರಡನೆಯ ದಿನವೇ ಅವನು ಮನೆಯ ಕಟ್ಟೆಯ ಮೇಲೆ ಹಾಜರು. “ರೊಕ್ಕ ಬ್ಯಾಂಕಿನಲ್ಲಿಟ್ಟರೆ ಕೊಳೆಯುತ್ತದೆ ಕಾಕಾ. ಒಂದು ಮನೆ ಕೊಂಡು ಬಾಡಿಗೆಗೆ ಹಾಕಿರಿ. ಕೂತಲ್ಲೇ ತಿಂಗಳಾ ಪಗಾರ ಬಂದ ಹಾಗೆ.”

ಈ ಮಾತನ್ನು ನಾನು ದಾಂಡೇಲಿಯಲ್ಲಿ ಕೇಳಿದ್ದೇನೆ, ಹಳಿಯಾಳದ ಚಹದಂಗಡಿಯಲ್ಲಿ ಕೇಳಿದ್ದೇನೆ. ಜೋಯಿಡಾದಲ್ಲಿ ಇದೇ ಮಾತು ಹೋಂಸ್ಟೇ ಎಂಬ ಹೆಸರು ಇಟ್ಟುಕೊಂಡಿದೆ, ಮುಂಡಗೋಡದಲ್ಲಿ ಮಳಿಗೆ ಎಂಬ ಹೆಸರು. ಮೊಬೈಲಿನಲ್ಲಿ ಕೋಟು ತೊಟ್ಟ ಮಹಾಶಯರು ಇದನ್ನೇ ಭಾಷಣವಾಗಿ ಹೇಳುತ್ತಾರೆ. ನಿದ್ದೆ ಮಾಡುವಾಗಲೂ ಬರುವ ಆದಾಯವಂತೆ! ಮಳೆಗಾಲದಲ್ಲಿ ಹೆಂಚು ಸೋರುತ್ತಿದೆಯೆಂದು ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿಯುವ ಬಾಡಿಗೆದಾರನನ್ನು ಈ ಮಹಾಶಯರು ಕಂಡಿಲ್ಲವೆಂದು ತೋರುತ್ತದೆ.

ನಮ್ಮವರೇ ಕೆಲವರು ಹುಬ್ಬು ಗಂಟಿಕ್ಕಿದ್ದಾರೆ. “ಸಮಾಜವಾದಿಗಳ ಪತ್ರಿಕೆಯಲ್ಲಿ ಮನೆ ಬಾಡಿಗೆಗೆ ಹಾಕುವ ಉಪದೇಶವೇ ಮಾಸ್ತರರೇ?” ಎಂದು ಕೇಳಿದರು. ಹೌದು, ಅದೇ. ಮೋಸ ಹೋಗುತ್ತಿರುವವನು ಸಾಹುಕಾರನಲ್ಲ, ನಮ್ಮವನು. ಮೂವತ್ತು ಬಾಡಿಗೆ ಮನೆಗಳ ಒಡೆಯನಿಗೆ ನನ್ನ ಲೇಖನದ ಅವಶ್ಯಕತೆಯಿಲ್ಲ, ಅವನಿಗೆ ವಕೀಲನಿದ್ದಾನೆ. ಮೊದಲ ಸಲ, ಒಂದೇ ಸಲ, ಇದ್ದ ರೊಕ್ಕವನ್ನೆಲ್ಲ ಒಂದು ಕಾಗದದ ಮೇಲೆ ಸುರಿಯಲು ಹೊರಟವನ ಸಲುವಾಗಿ ಇದನ್ನು ಬರೆಯುತ್ತಿದ್ದೇನೆ.

ಅವನು ಯಾಕೆ ಹೊರಟನೆಂಬುದನ್ನು ಮೊದಲು ತಿಳಿಯಬೇಕು. ಅದು ದುರಾಶೆಯಲ್ಲ, ಅಂಜಿಕೆ. ಕಂಪನಿಯ ಕ್ವಾರ್ಟರ್ಸಿನಲ್ಲಿದ್ದವನು ನಿವೃತ್ತನಾದ ಮೇಲೆ ಕ್ವಾರ್ಟರ್ಸ್ ಬಿಡಬೇಕು. ಪಗಾರ ನಿಂತಿತು. ಪಿಂಚಣಿ ಎಷ್ಟು? 1995ರ ಪಿಂಚಣಿ ಯೋಜನೆಯಲ್ಲಿ ಲೆಕ್ಕಕ್ಕೆ ಹಿಡಿಯುವ ಪಗಾರದ ಮಿತಿಯನ್ನು 2014ರಲ್ಲಿ 15,000 ರೂಪಾಯಿಗೆ ನಿಲ್ಲಿಸಿದರು. ಆ ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವದು ಸೂತ್ರ. ಈ ಮಿತಿಯ ಮೇಲೆ ಪಿಂಚಣಿ ಪಡೆಯುವವನು ಮೂವತ್ತು ವರ್ಷ ಬೆವರು ಸುರಿಸಿದರೂ ತಿಂಗಳಿಗೆ ಏಳು ಸಾವಿರ ಮುಟ್ಟುವದಿಲ್ಲ. ಕನಿಷ್ಠ ಪಿಂಚಣಿಯೆಂದು ಅದೇ 2014ರಲ್ಲಿ ಗೊತ್ತುಮಾಡಿದ್ದು ಒಂದು ಸಾವಿರ ರೂಪಾಯಿ. ಒಂದು ಸಾವಿರಕ್ಕೆ ಮುದುಕ-ಮುದುಕಿ ತಿಂಗಳು ಕಳೆಯುವದು ಹೇಗೆಂದು ಆ ಕಾಗದಕ್ಕೆ ಸಹಿ ಹಾಕಿದವರು ಒಂದು ವಾರ ಇದ್ದು ತೋರಿಸಲಿ. ಗ್ರ್ಯಾಚುಟಿಯಾದರೂ ಎಷ್ಟು? ಕೊನೆಯ ಮೂಲ ಪಗಾರ ಮತ್ತು ತುಟ್ಟಿಭತ್ಯೆ ಕೂಡಿ 20,000 ಇದ್ದವನಿಗೆ, ವರ್ಷಕ್ಕೆ ಹದಿನೈದು ದಿನದಂತೆ ಮೂವತ್ತು ವರ್ಷಕ್ಕೆ ಸುಮಾರು 3 ಲಕ್ಷ 46 ಸಾವಿರ. ಅದರ ಜೊತೆ ಫಂಡಿನ ರೊಕ್ಕ. ಇಷ್ಟೇ ಅವನ ಮುಂದಿನ ಇಪ್ಪತ್ತು ವರ್ಷ.

ಈಗ ಲೆಕ್ಕಕ್ಕೆ ಬರೋಣ. ಮಾಸ್ತರಿಕೆ ಬಿಟ್ಟರೂ ಕರಿಹಲಗೆಯ ಚಟ ನನ್ನನ್ನು ಬಿಟ್ಟಿಲ್ಲ.

ಮನೆಯ ಬೆಲೆ 20 ಲಕ್ಷ ಎಂದು ಹಿಡಿಯಿರಿ. ನಿಮ್ಮ ಓಣಿಯ ಬೆಲೆ ಬೇರೆಯಿದ್ದರೆ ಆ ಅಂಕಿಯನ್ನೇ ಹಾಕಿಕೊಳ್ಳಿರಿ, ರೀತಿ ಬದಲಾಗುವದಿಲ್ಲ. ಖರೀದಿ ಪತ್ರಕ್ಕೆ ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ಸು. ನೋಂದಣಿ ಶುಲ್ಕವನ್ನು ರಾಜ್ಯ ಸರಕಾರ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ ಶೇಕಡಾ 2ಕ್ಕೆ ಏರಿಸಿತು. ಎಲ್ಲ ಕೂಡಿ ಒಂದೂವರೆ ಲಕ್ಷ ಸರಕಾರಕ್ಕೇ ಹೋಯಿತು. ದಲಾಲಿಯನ್ನು ಸದ್ಯ ಬಿಡಿರಿ. ಆದದ್ದು 21 ಲಕ್ಷ 50 ಸಾವಿರ. ಬಾಡಿಗೆ ತಿಂಗಳಿಗೆ 6,000 ಹಿಡಿಯೋಣ, ವರ್ಷಕ್ಕೆ 72,000. ಒಬ್ಬ ಬಿಟ್ಟು ಇನ್ನೊಬ್ಬ ಬರುವ ನಡುವೆ ಒಂದು ತಿಂಗಳು ಬೀಗ: 6,000 ಕಳೆಯಿರಿ. ಮನೆಪಟ್ಟಿ, ಸುಣ್ಣಬಣ್ಣ, ನಳ, ವಾಯರು, ಹೆಂಚು ಇವಕ್ಕೆ 12,000 ಕಳೆಯಿರಿ. ನಮ್ಮ ಕಡೆಯ ಮಳೆಯನ್ನು ಬಲ್ಲವರು ಇದನ್ನು ಹೆಚ್ಚೆನ್ನಲಾರರು. ಉಳಿದದ್ದು 54,000. ಹಾಕಿದ ರೊಕ್ಕಕ್ಕೆ ಶೇಕಡಾ ಎರಡೂವರೆ!

ಅದೇ ಇಪ್ಪತ್ತು ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರೆ? 2023ರ ಏಪ್ರಿಲಿನಿಂದ ಅದರ ಬಡ್ಡಿ ಶೇಕಡಾ 8.2 ಆಯಿತು, 2025ರಲ್ಲಿಯೂ ಅಷ್ಟೇ ಇದ್ದಿತು. ವರ್ಷಕ್ಕೆ 1 ಲಕ್ಷ 64 ಸಾವಿರ, ಮೂರು ತಿಂಗಳಿಗೊಮ್ಮೆ 41,000 ಕೈಗೆ. ಮೂವತ್ತು ಲಕ್ಷದ ವರೆಗೆ ಇಡಬಹುದು. ನಿವೃತ್ತಿಯ ರೊಕ್ಕವಾದರೆ 55 ವರ್ಷ ತುಂಬಿದವನೂ, ರೊಕ್ಕ ಬಂದ ಮೇಲೆ ಬೇಗನೆ ಹೋದರೆ, ಇಡಬಹುದು. ಹೆಂಚು ಸೋರುವದಿಲ್ಲ. ದಲಾಲನು ಈ ಲೆಕ್ಕವನ್ನು ಯಾಕೆ ಹೇಳುವದಿಲ್ಲವೆಂದರೆ ಅಂಚೆ ಕಚೇರಿಯು ಅವನಿಗೆ ದಲಾಲಿ ಕೊಡುವದಿಲ್ಲ.

“ಆದರೆ ಮನೆಯ ಬೆಲೆ ಏರುತ್ತದೆಯಲ್ಲ?” ಎನ್ನುತ್ತಾನೆ ದಲಾಲ. ಪ್ರಶ್ನೆ ಸುಳ್ಳಲ್ಲ. ಬಡ್ಡಿಯ ರೊಕ್ಕ ತುಟ್ಟಿಯ ಕಾಲದಲ್ಲಿ ಸವೆಯುತ್ತದೆ, ಮನೆ ನಿಲ್ಲುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ಎರಡೂವರೆಗೂ ಎಂಟಕ್ಕೂ ನಡುವಿನ ಕಂದಕ ತುಂಬಬೇಕಾದರೆ ಬೆಲೆಯು ವರ್ಷ ತಪ್ಪದೆ ಶೇಕಡಾ ಐದೂಮುಕ್ಕಾಲಿನಂತೆ ಏರುತ್ತ ಹೋಗಬೇಕು, ಮೇಲಾಗಿ ನಿಮಗೆ ಬೇಕಾದ ದಿನ ಕೊಳ್ಳುವವನು ಸಿಗಬೇಕು. ಹುಬ್ಬಳ್ಳಿಯಲ್ಲಿ ಆದೀತು. ದಾಂಡೇಲಿಯಲ್ಲಿ? 2001ರ ಜನಗಣತಿಯಲ್ಲಿ ಈ ಊರಿನ ಜನ 53 ಸಾವಿರದ ಆಸುಪಾಸು, 2011ರಲ್ಲಿ 52 ಸಾವಿರ. ಹತ್ತು ವರ್ಷದಲ್ಲಿ ದೇಶವೇ ಬೆಳೆಯಿತು, ನಮ್ಮ ಊರು ಕುಗ್ಗಿತು. ಪ್ಲೈವುಡ್ ಕಾರ್ಖಾನೆಯ ಭೋಂಗಾ, ಫೆರೋ ಅಲಾಯ್ಸ್ ಕಾರ್ಖಾನೆಯ ಭೋಂಗಾ ಕೇಳಿ ಬೆಳೆದವರು ಇನ್ನೂ ನಮ್ಮಲ್ಲಿ ಇದ್ದಾರೆ. ಆ ಭೋಂಗಾಗಳು ನಿಂತಾಗ ಅವುಗಳ ಸುತ್ತಲಿನ ಖೋಲಿಗಳ ಗತಿ ಏನಾಯಿತೆಂದು ಅವರನ್ನೇ ಕೇಳಿರಿ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಗಿರಣಿಯೊಂದೇ ಈಗ ಊರಿನ ಒಲೆ ಹೊತ್ತಿಸುತ್ತಿದೆ. ನಿಮ್ಮ ಮಗ ಅದೇ ಗಿರಣಿಯಲ್ಲಿ, ನಿಮ್ಮ ಬಾಡಿಗೆದಾರ ಅದೇ ಗಿರಣಿಯ ಗುತ್ತಿಗೆ ಕಾರ್ಮಿಕ, ನಿಮ್ಮ ಮನೆಯ ಬೆಲೆಯೂ ಅದೇ ಗಿರಣಿಯ ಮೇಲೆ ನಿಂತದ್ದು. ಒಂದೇ ಕೊಂಬೆಗೆ ಮೂರು ಜೋಕಾಲಿ ಕಟ್ಟುವದಕ್ಕೆ ಹೂಡಿಕೆಯೆಂದು ಹೆಸರು!

ಬಾಡಿಗೆ ಕೊಡುವವನು ಯಾರೆಂಬುದನ್ನು ಇನ್ನಷ್ಟು ನೋಡಿರಿ. ಅವನು ಗುತ್ತಿಗೆದಾರನ ಕೈಕೆಳಗಿನ ದಿನಗೂಲಿಯವನು. ಅವನ ಕೂಲಿ ಏರದ ಹೊರತು ನಿಮ್ಮ ಬಾಡಿಗೆ ಏರುವದಿಲ್ಲ. ಏರಿಸಿದಿರೋ, ಅವನ ಮಗುವಿನ ಹಾಲು ಕಡಿಮೆಯಾಗುತ್ತದೆ, ಇಲ್ಲವೆ ಅವನು ಖೋಲಿ ಬಿಟ್ಟು ಹೋಗುತ್ತಾನೆ. ಹಳಿಯಾಳದಲ್ಲಿ ಕಾಲೇಜಿನ ಹುಡುಗರು ಇದ್ದಾರೆ, ಸಕ್ಕರೆ ಕಾರ್ಖಾನೆಯ ಹಂಗಾಮಿಗೆ ಬರುವವರು ಇದ್ದಾರೆ. ಇಬ್ಬರೂ ವರ್ಷದ ಹನ್ನೆರಡು ತಿಂಗಳು ಇರುವವರಲ್ಲ. ಅಲ್ಲಿ ಹನ್ನೆರಡು ತಿಂಗಳ ಲೆಕ್ಕ ಹಾಕುವವನು ಒಂಬತ್ತರಿಂದ ಗುಣಿಸಲಿ.

ಸಾಲ ಮಾಡಿ ಕೊಳ್ಳುವ ಮಾತನ್ನಂತೂ ಎತ್ತಲೇಬಾರದು. ಅಪ್ಪನಿಗೆ ವಯಸ್ಸಾಯಿತೆಂದು ಬ್ಯಾಂಕು ಒಲ್ಲೆನೆಂದರೆ ಮಗನ ಹೆಸರಿನಲ್ಲಿ ಮಾಡಿಸುತ್ತಾರೆ. ಹತ್ತು ಲಕ್ಷ ಸಾಲ, ಶೇಕಡಾ 9, ಹದಿನೈದು ವರ್ಷ ಎಂದರೆ ಕಂತು 10,143 ರೂಪಾಯಿ. ಬಾಡಿಗೆ ಬಂದದ್ದು ಆರು ಸಾವಿರ. ಬಾಡಿಗೆಯೇ ಕಂತು ತೀರಿಸುತ್ತದೆ ಎಂದವನು ಆ ನಾಲ್ಕು ಸಾವಿರವನ್ನು ಪ್ರತಿ ತಿಂಗಳು ತಂದು ಕೊಡುತ್ತಾನೆಯೇ? ಹದಿನೈದು ವರ್ಷದಲ್ಲಿ ಬ್ಯಾಂಕಿಗೆ ಕಟ್ಟಿದ್ದು 18 ಲಕ್ಷ 25 ಸಾವಿರ.

ಲೆಕ್ಕ ತಪ್ಪಿದರೆ ಅರ್ಧ ರೊಕ್ಕ ಹೋದೀತು. ಕಾಗದ ತಪ್ಪಿದರೆ ಎಲ್ಲವೂ ಹೋಗುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕಿರಾಣಿ ಅಂಗಡಿಯ ನನ್ನ ಸ್ವಂತ ಅಣ್ಣ ಪ್ಲಾಟು ಕೊಳ್ಳಲು ಹೊರಟಾಗ ಕಾಗದ ಓದಿ ನೋಡೆಂದು ನನಗೇ ಕೊಟ್ಟ. ಮ್ಯಾಟ್ರಿಕ್ ಪಾಸಾದ ಮಾಸ್ತರ ನಾನು. ಅಕ್ಷರಗಳೆಲ್ಲ ಸರಿಯಾಗಿದ್ದವು, ಮೊಹರು ಇತ್ತು, ಸರಿಯಿದೆ ಎಂದೆ. ಆ ಭೂಮಿ ಇನ್ನೂ ಹೊಲವೇ ಆಗಿತ್ತು, ಬಿನ್‌ಶೇತ್ಕಿ ಆಗಿರಲಿಲ್ಲ. ಪಂಚಾಯತಿಯಲ್ಲಿ ಖಾತೆ ಆಗಲಿಲ್ಲ, ಮನೆ ಕಟ್ಟಲು ಪರವಾನಗಿ ಬರಲಿಲ್ಲ. ಮಾರಿದವನು ಊರು ಬಿಟ್ಟ. ಮೂರು ಲಕ್ಷ. ಅಣ್ಣ ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ಇನ್ನೂ ಚುಚ್ಚುತ್ತದೆ.

ಆದ್ದರಿಂದ ಕೇಳಿರಿ. ನಮ್ಮ ಜಿಲ್ಲೆಯ ಮುಕ್ಕಾಲು ಪಾಲಿಗೂ ಹೆಚ್ಚು ನೆಲ ಅರಣ್ಯ. ಇಲ್ಲಿ ಬೇಲಿ ಹಾಕಿದವನೆಲ್ಲ ಒಡೆಯನಲ್ಲ, ವಿದ್ಯುತ್ ಬಿಲ್ಲು ಒಡೆತನದ ದಾಖಲೆಯಲ್ಲ. ಅತಿಕ್ರಮಣದ ಜಾಗವನ್ನು ನೂರು ರೂಪಾಯಿಯ ಸ್ಟಾಂಪಿನ ಮೇಲೆ ಬರೆದುಕೊಟ್ಟರೆ ನೀವು ಕೊಂಡದ್ದು ಆ ಸ್ಟಾಂಪು ಮಾತ್ರ. 2006ರ ಅರಣ್ಯ ಹಕ್ಕು ಕಾಯದೆಯಲ್ಲಿ ಸಿಕ್ಕ ಭೂಮಿ ಮಕ್ಕಳಿಗೆ ಹೋಗುತ್ತದೆ, ಮಾರಾಟಕ್ಕೆ ಹೋಗುವದಿಲ್ಲ. ಕಾಯದೆಯೇ ಹಾಗೆ ಹೇಳುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು 1978ರ ಕಾಯದೆಯಂತೆ ಸರಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಮರಳಿ ಕೇಳಲು ಕಾಲಮಿತಿಯೂ ಇಲ್ಲವೆಂದು 2023ರಲ್ಲಿ ತಿದ್ದುಪಡಿಯಾಯಿತು. ನಮ್ಮ ಜಿಲ್ಲೆಯ ಸಿದ್ದಿ ಬಂಧುಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಭೂಮಿಯನ್ನು ಅಗ್ಗಕ್ಕೆ ಕೊಡಿಸುತ್ತೇನೆಂದು ಬರುವ ದಲಾಲನನ್ನು ಕಟ್ಟೆ ಹತ್ತಲು ಬಿಡಬೇಡಿರಿ. ಅದು ಕಾಯದೆಯ ಮಾತಷ್ಟೇ ಅಲ್ಲ, ಬಡವನು ಬಡವನನ್ನು ಒಕ್ಕಲೆಬ್ಬಿಸುವ ಮಾತು.

ಮುಂಡಗೋಡದ ಟಿಬೇಟನ್ ವಸಾಹತು 1966ರಲ್ಲಿ ರಾಜ್ಯ ಸರಕಾರ ನಿರಾಶ್ರಿತರಿಗೆ ಕೊಟ್ಟ ನೆಲದ ಮೇಲೆ ನಿಂತದ್ದು. ಡ್ರೆಪುಂಗ್, ಗಾಂಡೆನ್ ಮಠಗಳಿಗೆ ಬರುವ ಜನರನ್ನು ನೋಡಿ ಅಲ್ಲಿ ಅಂಗಡಿಯ ಆಸೆ ಹುಟ್ಟುವದು ಸಹಜ. ಆದರೆ ವಸಾಹತಿನ ಒಳಗಿನ ಜಾಗವನ್ನು ನಿಮಗೆ ಮಾರುವ ಹಕ್ಕು ಅಲ್ಲಿರುವ ಯಾರಿಗೂ ಇಲ್ಲ.

ಉಳಿದ ಜಾಗದ ವಿಷಯದಲ್ಲಿ ಉತಾರ ತೆಗೆಸಿರಿ. ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿರಿ. ಬಿನ್‌ಶೇತ್ಕಿ ಆದೇಶ ನೋಡಿರಿ. ಪಂಚಾಯತಿಯಲ್ಲಿ ಇ-ಸ್ವತ್ತಿನ 9 ಮತ್ತು 11ನೇ ನಮೂನೆ ಕೇಳಿರಿ, ಊರಿನಲ್ಲಾದರೆ ನಗರಸಭೆಯ ಅಥವಾ ಪಟ್ಟಣ ಪಂಚಾಯತಿಯ ಖಾತೆ ಕೇಳಿರಿ. ಇವನ್ನು ದಲಾಲನು ತಂದ ನಕಲಿನಲ್ಲಿ ನೋಡದೆ ನೀವೇ ಕಚೇರಿಗೆ ಹೋಗಿ ತೆಗೆಸಿರಿ. ಮುಂಗಡವನ್ನು ಇವೆಲ್ಲ ಕೈಗೆ ಬಂದ ಮೇಲೆ ಕೊಡತಕ್ಕದ್ದು. “ನಾಳೆ ಬೇರೆಯವರು ಬರುತ್ತಾರೆ” ಎಂದರೆ ಬರಲಿ ಎನ್ನಿರಿ.

ಜೋಯಿಡಾದ ಸಂಗತಿ ಇನ್ನೊಂದು ಬಗೆಯದು. ಹಳೆಯ ಸೂಪಾ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿತು, ಜನ ರಾಮನಗರದ ಕಡೆ ಹೋದರು, ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂದಿತು. ಆ ನೀರು ಬಿಟ್ಟಾಗ ಗಣೇಶಗುಡಿಯಲ್ಲಿ ತೆಪ್ಪದ ಆಟ ನಡೆಯುತ್ತದೆ, ಬಿಡದಿದ್ದರೆ ಇಲ್ಲ. 1956ರ ದಾಂಡೇಲಿ ಅಭಯಾರಣ್ಯ, 1987ರ ಅಣಶಿ ರಾಷ್ಟ್ರೀಯ ಉದ್ಯಾನ ಕೂಡಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು. ನೀರಿನ ಕೀಲಿ ವಿದ್ಯುತ್ ನಿಗಮದ ಕೈಯಲ್ಲಿ, ಕಾಡಿನ ಕೀಲಿ ಅರಣ್ಯ ಇಲಾಖೆಯ ಕೈಯಲ್ಲಿ; ನಿಮ್ಮ ಕೈಯಲ್ಲಿ ಇರುವದು ಸಾಲದ ಪುಸ್ತಕ. 2020ರಲ್ಲಿ ಕೊರೋನಾ ಬಂದು ಊರೂರು ಬೀಗ ಬಿದ್ದಾಗ ಪ್ರವಾಸಿಗಳ ಮೇಲೆ ನಿಂತವರಿಗೆ ಏನಾಯಿತೆಂದು ಯಾರೂ ಮರೆತಿಲ್ಲ. ತನ್ನ ಸ್ವಂತ ಅಂಗಳದಲ್ಲಿ, ತನ್ನ ಮನೆಯ ಎರಡು ಕೋಣೆಗಳನ್ನು ಪರವಾನಗಿ ತೆಗೆದುಕೊಂಡು ಅತಿಥಿಗಳಿಗೆ ಕೊಡುವ ಜೋಯಿಡಾದ ರೈತನು ಜಾಣ. ಗದ್ದೆ ಮಾರಿ ಬಂದ ರೊಕ್ಕದಲ್ಲಿ ಬೇರೆಯವನ ರಿಸಾರ್ಟಿಗೆ ಪಾಲುದಾರನಾಗುವವನು ನಾಲ್ಕು ವರ್ಷಕ್ಕೆ ಅಲ್ಲಿಯೇ ಹಾಸಿಗೆ ಹಾಸುವ ಆಳಾಗುತ್ತಾನೆ.

ಹಾಗಾದರೆ ಬಾಡಿಗೆಯ ಆಸೆಯನ್ನು ಬಿಟ್ಟೇಬಿಡಬೇಕೇ? ಇಲ್ಲ. ನಾನು ಎಷ್ಟು ಸಲ ಲೆಕ್ಕ ಹಾಕಿದರೂ ಹೊಂದುವದು ಒಂದೇ ದಾರಿ. ಮೊದಲು ತಾನಿರಲು ಒಂದು ಮನೆ. ಅದರ ಹಿತ್ತಲಿನಲ್ಲೋ ಮಾಳಿಗೆಯ ಮೇಲೋ ಜಾಗವಿದ್ದರೆ ಪರವಾನಗಿ ತೆಗೆದುಕೊಂಡು, ಸಂಡಾಸು-ಬಚ್ಚಲು ಬೇರೆ ಮಾಡಿ, ಒಂದು ಖೋಲಿ. ನೆಲ ಕೊಳ್ಳುವಂತಿಲ್ಲ, ನೋಂದಣಿಯ ಖರ್ಚಿಲ್ಲ. ನಾಲ್ಕು ಲಕ್ಷ ತಗಲಿ ಎರಡೂವರೆ ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 30,000, ಶೇಕಡಾ ಏಳೂವರೆ. ದುರಸ್ತಿ ಕಳೆದರೂ ಆರರ ಆಸುಪಾಸು. ಮುಂದೆ ಮಗನ ಸಂಸಾರ ದೊಡ್ಡದಾದರೆ ಅದೇ ಖೋಲಿ ಉಪಯೋಗಕ್ಕೆ. ಉಳಿದ ರೊಕ್ಕ ಅಂಚೆ ಕಚೇರಿಯಲ್ಲಿರಲಿ. ಔಷಧಿಗೆ ಬೇಕಾದಾಗ ಗೋಡೆಯಿಂದ ಇಟ್ಟಿಗೆ ಕಿತ್ತು ಮಾರಲು ಬರುವದಿಲ್ಲ.

ಖೋಲಿ ಕೊಡುವಾಗ ಬಾಯಿಮಾತು ಬೇಡ. ಹನ್ನೊಂದು ತಿಂಗಳಿನ ಕರಾರು ಪತ್ರ ಎಲ್ಲರೂ ಬಲ್ಲರು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ ಆದ್ದರಿಂದ ಆ ಪದ್ಧತಿ ಬಂದಿತು. ಬಾಡಿಗೆ ಎಷ್ಟು, ಕರೆಂಟು ಯಾರದು, ಎಷ್ಟು ದಿನದ ಸೂಚನೆ ಎಂಬುದನ್ನು ಬರೆಯಿರಿ. ಪ್ರತಿ ತಿಂಗಳು ರಸೀದಿ ಕೊಡಿರಿ. ಅದು ಬಾಡಿಗೆದಾರನಿಗೆಷ್ಟೋ ನಿಮಗೂ ಅಷ್ಟೇ ರಕ್ಷಣೆ. ಡಿಪಾಜಿಟ್ಟು ನಿಮ್ಮ ರೊಕ್ಕವಲ್ಲ, ಮಗಳ ಮದುವೆಗೆ ತೆಗೆಯಬೇಡಿರಿ. 2021ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾದರಿ ಕಾಯದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಿ ಡಿಪಾಜಿಟ್ಟು ಬೇಡವೆಂದಿದೆ. ಅದು ಮಾದರಿ ಮಾತ್ರ, ಆದರೆ ನ್ಯಾಯವಾದ ಮಾತು. ಹತ್ತು ತಿಂಗಳು ಕೇಳುವ ಬೆಂಗಳೂರಿನ ರೋಗವನ್ನು ಘಟ್ಟದ ಅಂಚಿಗೆ ತರಬೇಡಿರಿ.

ಬಾಡಿಗೆದಾರರಾದ ಸಣ್ಣ ವ್ಯಾಪಾರಿಗಳಿಗೂ ಒಂದು ಮಾತು. ಬಾಡಿಗೆ ಕಾಯದೆ ನಮ್ಮನ್ನು ಕಾಯುತ್ತದೆ ಎಂದು ನೀವು ನಂಬಿದ್ದೀರಿ. 1961ರ ಹಳೆಯ ಬಾಡಿಗೆ ನಿಯಂತ್ರಣ ಕಾಯದೆಯ ಜಾಗಕ್ಕೆ ಬಂದ 1999ರ ಕಾಯದೆಯು ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500, ಬೇರೆಡೆ 2,000 ರೂಪಾಯಿ ಮೀರಿದ ಬಾಡಿಗೆಯನ್ನು ಹೊರಗಿಟ್ಟಿತು. ಹದಿನಾಲ್ಕು ಚದರ ಮೀಟರು ಮೀರಿದ ಅಂಗಡಿಗಳನ್ನೂ ಹೊರಗಿಟ್ಟಿತು. ಇಂದು ಎರಡು ಸಾವಿರದೊಳಗೆ ಪಾನಪಟ್ಟಿಯ ಡಬ್ಬಿಯಾದರೂ ಸಿಗುತ್ತದೆಯೇ? ಉಳಿದವರಿಗೆಲ್ಲ 1882ರ ಆಸ್ತಿ ವರ್ಗಾವಣೆ ಕಾಯದೆಯೇ ಗತಿ; ಕರಾರಿನಲ್ಲಿ ಬೇರೆ ಬರೆಯದಿದ್ದರೆ ತಿಂಗಳ ಬಾಡಿಗೆದಾರನನ್ನು ಹದಿನೈದು ದಿನದ ನೋಟೀಸಿನಿಂದ ಬಿಡಿಸಬಹುದು. ಆದ್ದರಿಂದ ಮೂರು ತಿಂಗಳ ಸೂಚನೆಯೆಂದು ಕರಾರಿನಲ್ಲಿ ಬರೆಯಿಸಿಕೊಳ್ಳಿರಿ.

ಇನ್ನೊಂದನ್ನು ಹೇಳದೆ ಬಿಡಲಾರೆ. ಖೋಲಿ ಕೇಳಲು ಬಂದವನನ್ನು “ಯಾವ ಮಂದಿ?” ಎಂದು ಕೇಳುವ ಚಟ ನಮ್ಮ ಕಾರ್ಮಿಕರಲ್ಲಿಯೂ ಇದೆ. ಒಂದೇ ಯಂತ್ರದ ಎರಡು ಬದಿಗೆ ನಿಂತು ಬುತ್ತಿ ಹಂಚಿಕೊಂಡವರು, ಸಂಪಿನಲ್ಲಿ ಜೊತೆಗೆ ಲಾಠಿ ತಿಂದವರು, ಖೋಲಿಯ ಬಾಗಿಲಲ್ಲಿ ನಿಂತಾಗ ಜಾತಿಯವರಾಗುತ್ತಾರೆ. ನನಗೂ ಒಂದು ಊರಿನಲ್ಲಿ ಜಾತಿ ಹೇಳದಿದ್ದುದಕ್ಕೆ ಮನೆ ಸಿಗಲಿಲ್ಲ; ಎರಡು ತಿಂಗಳು ಶಾಲೆಯ ಕೋಣೆಯಲ್ಲಿಯೇ ಮಲಗಿದೆ. ನಮ್ಮ ಅಜ್ಜಂದಿರು ಗೇಣಿದಾರರಾಗಿದ್ದರು. ಒಡೆಯನ ಅಂಗಳದಲ್ಲಿ ಕೈಕಟ್ಟಿ ನಿಂತವರ ಹೋರಾಟದಿಂದಲ್ಲವೇ 1974ರಲ್ಲಿ ಗೇಣಿ ರದ್ದಾದದ್ದು? ಅವರ ಮೊಮ್ಮಗ ಒಂದು ಖೋಲಿಯ ಒಡೆಯನಾದ ಕೂಡಲೆ ಆ ಹಳೆಯ ಒಡೆಯನ ದನಿಯಲ್ಲಿ ಮಾತಾಡುವದನ್ನು ಕೇಳಿದರೆ ಮೈ ಉರಿಯುತ್ತದೆ.

ವಿಯೆನ್ನಾ ಎಂಬ ನಗರದಲ್ಲಿ ಮೊದಲ ಮಹಾಯುದ್ಧದ ನಂತರ ಸಮಾಜವಾದಿಗಳ ನಗರಸಭೆಯು ದೊಡ್ಡ ಮನೆಗಳವರ ಮೇಲೆ ಏರುದರದ ತೆರಿಗೆ ಹಾಕಿ, 1934ರ ಒಳಗೆ 60 ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿ ಕಾರ್ಮಿಕರಿಗೆ ಅಲ್ಪ ಬಾಡಿಗೆಗೆ ಕೊಟ್ಟಿತು. ಆ ಮನೆಗಳು ಇಂದಿಗೂ ನಗರದ್ದೇ ಆಗಿ ಬಾಡಿಗೆಗೆ ನಡೆದಿವೆ. ಅಲ್ಲಿಯ ಗಿರಣಿಯ ಮುದುಕನು ಮುಪ್ಪಿನ ಊಟಕ್ಕೆ ಇನ್ನೊಬ್ಬ ಕೂಲಿಯ ಬಾಡಿಗೆಯನ್ನು ಎಣಿಸಬೇಕಾಗಿಲ್ಲ. ನಮ್ಮ ನಗರಸಭೆಗೆ ಬರುವ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಎರಡು ಪ್ರಶ್ನೆ ಕೇಳಿರಿ: ಗುತ್ತಿಗೆ ಕಾರ್ಮಿಕರಿಗೆ ನಗರಸಭೆಯ ಬಾಡಿಗೆ ಮನೆ ಎಷ್ಟು, ಎಲ್ಲಿ? ಸಾವಿರ ರೂಪಾಯಿಯ ಪಿಂಚಣಿಯ ವಿಷಯದಲ್ಲಿ ನಿಮ್ಮ ಪಕ್ಷ ದಿಲ್ಲಿಯಲ್ಲಿ ಬಾಯಿ ತೆರೆದದ್ದು ಯಾವಾಗ?

ಅಷ್ಟರೊಳಗೆ ದಲಾಲನು ನಿಮ್ಮ ಕಟ್ಟೆ ಹತ್ತಿದರೆ ಕಾಗದಗಳನ್ನು ಇಸಿದುಕೊಂಡು ಎಂಟು ದಿನ ಬಿಟ್ಟು ಬಾ ಎನ್ನಿರಿ. ಆ ಕಾಗದಗಳನ್ನೂ ನೀವೇ ಕಚೇರಿಯಿಂದ ತೆಗೆಸಿದ ಉತಾರವನ್ನೂ ಬಲ್ಲ ವಕೀಲನೊಬ್ಬನಿಗೆ ತೋರಿಸಿರಿ, ಫೀ ಕೊಟ್ಟರೂ ಚಿಂತೆಯಿಲ್ಲ. ಪಕ್ಷದ ಕಚೇರಿಗೆ ತಂದರೆ ನಾನೂ ಓದುತ್ತೇನೆ. ಈ ಸಲ ಮೊಹರು ನೋಡಿ ಸರಿಯಿದೆ ಎನ್ನುವದಿಲ್ಲ.